ನಡುಮನೆಯ ಮಾತು: ಕಂಪ್ಯೂಟರಿಗೂ ಒಂದು ಬೀರು



ಹುಣಸೆ ತೊಕ್ಕಿನ ಬಗ್ಗೆ ಬಂದ ಪತ್ರಗಳಿಗೆಲ್ಲ ಮುಂದಿನ ಸಂಚಿಕೆಯಲ್ಲಿ ಉತ್ತರ ಕೊಡುತ್ತೇನೆ. ಮೆಂತ್ಯ ಕಪ್ಪಾಗುವಷ್ಟು ಹುರಿದರೆ ತೊಕ್ಕು ಕಹಿಯಾಗುತ್ತದೆ ಎಂಬುದೊಂದನ್ನು ಮಾತ್ರ ಈಗಲೇ ಹೇಳಿಬಿಡುತ್ತೇನೆ. ಈ ಸಲ ಬೇರೆ ಮಾತು.

ಸೋದರಿಯೊಬ್ಬರು ಬರೆದಿದ್ದಾರೆ. ಮನೆಗೆ ಕಂಪ್ಯೂಟರು ಬಂದಿದೆಯಂತೆ. ಮಕ್ಕಳು, ಮಾವನವರು, ತಾವು, ಎಲ್ಲರೂ ಅದರ ಮುಂದೆ ಕೂರುತ್ತಾರಂತೆ. "ಯಾರು ಯಾವುದನ್ನು ಒತ್ತಿ ಏನು ಅನಾಹುತ ಮಾಡುತ್ತಾರೋ ಎಂದು ಜೀವ ಹಿಡಿಯಾಗುತ್ತದೆ. ಮಾವನವರನ್ನು ಮುಟ್ಟಬೇಡಿ ಎನ್ನಲು ಬಾಯಿ ಬರುವುದಿಲ್ಲ. ಏನು ಮಾಡಲಿ?" ಎಂದು ಕೇಳಿದ್ದಾರೆ. ಪತ್ರ ಓದಿದ ಕೂಡಲೇ ನಮ್ಮ ಮನೆಯ ಕಥೆ ನೆನಪಾಯಿತು. ಅದನ್ನು ಹೇಳಿದರೆ ಅವರಿಗೆ ಉತ್ತರವೂ ಸಿಕ್ಕೀತು.

2024ರ ಶ್ರಾವಣ ಮಾಸ. ಮಧ್ಯಾಹ್ನ ಊಟ ಮುಗಿದು, ನಾನು ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದೆ. ನಮ್ಮ ಅತ್ತೆ ನಡುಮನೆಯಲ್ಲಿ ಕಂಪ್ಯೂಟರಿನಲ್ಲಿ ದೇವರನಾಮ ಕೇಳುತ್ತಾ ಕೂತಿದ್ದರು. ಅವರಿಗೆ ಎರಡೂ ಕಣ್ಣಿಗೆ ಪೊರೆಯ ಆಪರೇಷನ್ ಆಗಿದೆ. ಫೋನಿನ ಸಣ್ಣ ಅಕ್ಷರ ಕಾಣುವುದಿಲ್ಲ, ದೊಡ್ಡ ಪರದೆಯೇ ಬೇಕು. ಪುಣೆಯಲ್ಲಿರುವ ನಮ್ಮ ನಾದಿನಿ ಪ್ರತಿ ಭಾನುವಾರ ಮಾತಾಡುವುದೂ ಅದರಲ್ಲೇ. ಮಗಳ ಮುಖ ದೊಡ್ಡದಾಗಿ ಕಾಣುತ್ತದಲ್ಲ, ಅದೇ ಅವರಿಗೆ ಸುಖ.

ಹಾಡು ಕೇಳುವಾಗ ಎಲ್ಲಿಂದಲೋ ಒಂದು ಪುಟ ತೆರೆದುಕೊಂಡು, ಹಾಡು ನುಡಿಸುವ ಸಾಧನ ಹಳೆಯದಾಗಿದೆ, ಹೊಸದು ಹಾಕಿಕೊಳ್ಳಿ ಅಂದಿತಂತೆ. ಅತ್ತೆ ಒತ್ತಿದರು. ಪರದೆ ಮಂಕಾಯಿತು, ನಡುವೆ ಒಂದು ಚೌಕ ಬಂತು, ಎಸ್ ಅಥವಾ ನೋ ಎಂದು ಕೇಳಿತು. ನನ್ನ ಮಗರಾಯ ಅವರಿಗೆ ಮೊದಲೇ ಪಾಠ ಮಾಡಿಟ್ಟಿದ್ದ: "ಅಜ್ಜಿ, ಅದು ಏನು ಕೇಳಿದ್ರೂ ಎಸ್ ಒತ್ಬಿಡಿ, ಇಲ್ದಿದ್ರೆ ಮುಂದಕ್ಕೆ ಹೋಗಲ್ಲ." ಅತ್ತೆ ಎಸ್ ಒತ್ತಿದರು.

ಹತ್ತು ನಿಮಿಷದೊಳಗೆ ಪರದೆಯ ತುಂಬ ಜಾಹೀರಾತು. ಆಮೇಲೆ ಟೊಂಯ್ ಟೊಂಯ್ ಎಂದು ಸದ್ದು, ಕೆಂಪು ಅಕ್ಷರ, ನಿಮ್ಮ ಕಂಪ್ಯೂಟರಿಗೆ ವೈರಸ್ ತಗುಲಿದೆ, ಈ ನಂಬರಿಗೆ ಫೋನು ಮಾಡಿ ಎಂದು. ಅತ್ತೆ ಹೆದರಿ ನನ್ನನ್ನು ಕೂಗಿದರು.

ಇನ್ನು ಮುಂದಿನದನ್ನು ಬರೆಯಲು ಸ್ವಲ್ಪ ನಾಚಿಕೆ. ನಾನು ಆ ನಂಬರಿಗೆ ಫೋನು ಮಾಡಿದೆ! ಹಿಂದಿಯಲ್ಲಿ ಯಾರೋ ಬಹಳ ಮರ್ಯಾದೆಯಿಂದ ಮಾತಾಡಿದ. ತಾನು ದೊಡ್ಡ ಕಂಪನಿಯವನು, ಅಲ್ಲಿಂದಲೇ ನೋಡಿ ಸರಿ ಮಾಡುತ್ತೇನೆ, ಒಂದು ಸಣ್ಣ ತಂತ್ರಾಂಶ ಹಾಕಿಕೊಳ್ಳಿ ಅಂದ. ಅವನು ಹೇಳಿದ್ದನ್ನೆಲ್ಲ ಮಾಡಿದೆ. ಮತ್ತೆ ಪರದೆ ಮಂಕಾಯಿತು, ಮತ್ತೆ ಅದೇ ಎಸ್, ನೋ. "ಎಸ್ ದಬಾಯಿಯೇ ಮೇಡಂ" ಅಂದ. ನನ್ನ ಕೈ ಮೌಸಿನ ಮೇಲಿತ್ತು. ಅಷ್ಟರಲ್ಲಿ ಕರೆಂಟು ಹೋಯಿತು. ನಮ್ಮ ಯು.ಪಿ.ಎಸ್. ಬ್ಯಾಟರಿ ಸತ್ತು ವರ್ಷವಾಗಿತ್ತು, ಹೊಸದು ತನ್ನಿ ಎಂದು ಇವರಿಗೆ ಹೇಳಿ ಹೇಳಿ ಸಾಕಾಗಿತ್ತು. ಆವತ್ತು ಆ ಸತ್ತ ಬ್ಯಾಟರಿಗೆ ನಮಸ್ಕಾರ ಹಾಕಬೇಕಿತ್ತು. ಕಂಪ್ಯೂಟರು ದಬಕ್ಕನೆ ಆರಿತು. ಆ ಮನುಷ್ಯ ಮತ್ತೆ ಮತ್ತೆ ಫೋನು ಮಾಡತೊಡಗಿದಾಗ, ಮೂರನೆಯ ಸಲಕ್ಕೆ ಅವನ ದನಿಯಲ್ಲಿದ್ದ ಮರ್ಯಾದೆ ಹೋಗಿತ್ತು. ಆಗ ನನಗೆ ಬುದ್ಧಿ ಬಂತು.

ದುಡ್ಡು ಹೋಗಲಿಲ್ಲ. ಆದರೆ ನಮ್ಮವರ ಅಂಗಡಿಯ ಲೆಕ್ಕವೆಲ್ಲ ಅದರಲ್ಲೇ ಇತ್ತು. ರಿಪೇರಿಗೆ ಬಂದ ಹುಡುಗ, ಪೂರ್ತಿ ಅಳಿಸಿ ಹೊಸದಾಗಿ ಹಾಕಬೇಕು ಅಂದ. ಲೆಕ್ಕದ ಫೈಲು ತೆರೆಯಲೇ ಇಲ್ಲ. ಪೆನ್ ಡ್ರೈವಿನಲ್ಲಿ ತೆಗೆದಿಟ್ಟಿದ್ದು ಯುಗಾದಿಯ ತನಕದ್ದು ಮಾತ್ರ. ನಾಲ್ಕು ತಿಂಗಳ ಬಿಲ್ಲುಗಳನ್ನು ನಾನೂ ಇವರೂ ರಾತ್ರಿ ಹನ್ನೊಂದರ ತನಕ ಕೂತು ಮತ್ತೆ ಏರಿಸಿದೆವು. ಆ ಕೋಪದಲ್ಲಿ ಇವರು, "ಅಮ್ಮನ ಕೈಗೆ ಅದನ್ನ ಯಾರು ಕೊಟ್ಟಿದ್ದು?" ಎಂದು ಜೋರಾಗಿ ಅಂದುಬಿಟ್ಟರು. ದೇವರ ಮನೆಯಲ್ಲಿ ಬತ್ತಿ ಹೊಸೆಯುತ್ತಿದ್ದ ಅತ್ತೆಗೆ ಕೇಳಿಸಿತು.

ಅಲ್ಲಿಂದಾಚೆ ಅತ್ತೆ ಆ ಕುರ್ಚಿಯಲ್ಲಿ ಕೂರಲಿಲ್ಲ. ಭಾನುವಾರ ನಾದಿನಿ ಕರೆದರೂ, "ಫೋನಲ್ಲೇ ಮಾತಾಡ್ತೀನಿ ಬಿಡು, ನನಗ್ಯಾಕಮ್ಮ ಆ ಯಂತ್ರದ ಸಹವಾಸ" ಅನ್ನುವರು. ಫೋನನ್ನು ಕಿವಿಗಿಟ್ಟುಕೊಂಡು ಮಾತಾಡುವರು, ಮುಖ ನೋಡುವುದೇ ಇಲ್ಲ. ಒಂದು ತಿಂಗಳು ಹೀಗೇ ಹೋಯಿತು. ನಾನು ಫೋನು ಮಾಡಿದ ವಿಷಯ ಇವರಿಗೂ ಗೊತ್ತಿಲ್ಲ, ಹಿಂದಿ ಬಾರದ ಅತ್ತೆಗೂ ತಿಳಿದಿಲ್ಲ. ತಪ್ಪೆಲ್ಲ ಅವರ ತಲೆಯ ಮೇಲೆ, ನಾನು ಆರಾಮ.

ಗೌರಿ ಹಬ್ಬಕ್ಕೆ ನನ್ನ ಅಕ್ಕನ ಮಗ ಬಂದ. ಬೆಂಗಳೂರಿನಲ್ಲಿ ಕಂಪ್ಯೂಟರಿನದೇ ಕೆಲಸ. ಅವನು ಕೂತು ನೋಡಿ, "ಚಿಕ್ಕಮ್ಮ, ಅಜ್ಜಿದೇನೂ ತಪ್ಪಿಲ್ಲ. ಮನೆಯವರೆಲ್ಲ ಅಡ್ಮಿನ್ ಆಗಿಯೇ ಒಳಗೆ ಹೋಗ್ತಿದ್ದೀರಲ್ಲ!" ಅಂದ.

ಅಡ್ಮಿನ್ ಅಂದರೆ ನಮ್ಮ ಅತ್ತೆಗೆ ಗೊತ್ತು. ಅವರ ಭಜನಾ ಮಂಡಳಿಯ ವಾಟ್ಸಾಪ್ ಗುಂಪಿಗೂ ಒಬ್ಬರು ಅಡ್ಮಿನ್ ಇದ್ದಾರೆ, ಯಾರನ್ನು ಸೇರಿಸಬೇಕು, ಯಾರನ್ನು ಬಿಡಬೇಕು ಎನ್ನುವುದು ಅವರ ಕೈಯಲ್ಲಿ. ಕಂಪ್ಯೂಟರಿನಲ್ಲೂ ಹಾಗೇ. ವಿಂಡೋಸ್ ಇರುವ ಕಂಪ್ಯೂಟರಿನಲ್ಲಿ ಎರಡು ಬಗೆಯ ಖಾತೆಗಳು. ಒಂದು ಅಡ್ಮಿನಿಸ್ಟ್ರೇಟರ್, ಅಂದರೆ ಯಜಮಾನನ ಖಾತೆ. ಹೊಸ ತಂತ್ರಾಂಶ ಹಾಕುವುದು, ತೆಗೆಯುವುದು, ಬೇರೆಯವರ ಪಾಸ್‌ವರ್ಡು ಬದಲಾಯಿಸುವುದು ಎಲ್ಲ ಅದಕ್ಕೆ ಸಲ್ಲುತ್ತದೆ. ಇನ್ನೊಂದು ಸ್ಟ್ಯಾಂಡರ್ಡ್, ಅಂದರೆ ದಿನಬಳಕೆಯ ಖಾತೆ. ಹಾಡು, ಫೋಟೋ, ಪತ್ರ, ಲೆಕ್ಕ ಎಲ್ಲ ಅದರಲ್ಲೇ ಆಗುತ್ತದೆ. ಕಂಪ್ಯೂಟರು ಹೊಸದಾಗಿ ಬಂದಾಗ ಮೊದಲು ತೆರೆಯುವ ಖಾತೆ ಯಾವಾಗಲೂ ಯಜಮಾನನದೇ. ತಂದುಕೊಟ್ಟವರು ಅದೊಂದನ್ನೇ ತೆರೆದು, ಕೈ ಒರೆಸಿಕೊಂಡು ಹೋಗುತ್ತಾರೆ. ಮನೆಯವರೆಲ್ಲ ಅದರಲ್ಲೇ ಓಡಾಡುತ್ತಾರೆ. ಒಡವೆ ಇಟ್ಟ ಬೀರುವಿನ ಬಾಗಿಲು ಹಗಲೂ ರಾತ್ರಿ ತೆರೆದಿಟ್ಟು, ಅದರ ಮುಂದೆಯೇ ಮಕ್ಕಳನ್ನು ಆಡಲು ಬಿಟ್ಟ ಹಾಗೆ.

ಪರದೆ ಮಂಕಾಗಿ ಕೇಳುವ ಆ ಪ್ರಶ್ನೆ ಇದೆಯಲ್ಲ, ಅದು 2007ರಲ್ಲಿ ಬಂದ ವಿಂಡೋಸ್ ವಿಸ್ಟಾ ಕಾಲದಿಂದ ಇದೆಯಂತೆ. ಆಗ ಅದು ಮಾತು ಮಾತಿಗೂ ಕೇಳಿ ಜನರಿಗೆ ರೇಗಿಹೋಗಿತ್ತು, 2009ರ ವಿಂಡೋಸ್ 7ರಲ್ಲಿ ಕೇಳುವುದನ್ನು ಕಡಿಮೆ ಮಾಡಿದರು. ಯಜಮಾನನ ಖಾತೆಯಲ್ಲಿದ್ದರೆ ಬರೀ ಎಸ್, ನೋ ಎಂದು ಕೇಳುತ್ತದೆ. ದಿನಬಳಕೆ ಖಾತೆಯಲ್ಲಿದ್ದರೆ ಯಜಮಾನನ ಪಾಸ್‌ವರ್ಡು ಕೊಡಿ ಎನ್ನುತ್ತದೆ, ಅದಿಲ್ಲದೆ ಎಸ್ ಒತ್ತಿದರೂ ಬಾಗಿಲು ತೆರೆಯುವುದಿಲ್ಲ. ಅತ್ತೆ ಆವತ್ತು ಎರಡನೆಯ ಬಗೆಯ ಖಾತೆಯಲ್ಲಿ ಕೂತಿದ್ದರೆ ಆ ಕಳ್ಳ ತಂತ್ರಾಂಶ ಅಲ್ಲೇ ನಿಲ್ಲುತ್ತಿತ್ತು. ದಿನಬಳಕೆ ಖಾತೆಯಲ್ಲಿ ಮೋಸವೇ ಆಗದು ಎಂದಲ್ಲ, ಆದರೆ ಇಡೀ ಮನೆಗೆ ಬೆಂಕಿ ಹತ್ತುವುದಿಲ್ಲ.

ಸರಿ, ಎರಡು ಖಾತೆ ಮಾಡೋಣ ಅಂದೆವು. ಯಾವುದು ಯಾವುದೆಂದು ಅತ್ತೆಗೆ ಗುರುತು ಸಿಗುವುದು ಹೇಗೆ? ಮೊದಲು ತೆರೆದಾಗ ಎರಡಕ್ಕೂ ಒಂದೇ ಬೂದು ಬಣ್ಣದ ತಲೆಯ ಚಿತ್ರ! ಹೆಸರು ಸಣ್ಣದಾಗಿ ಇಂಗ್ಲಿಷಿನಲ್ಲಿ. ಹಬ್ಬದ ಮರುದಿನ ಸಂಜೆ, ಉಳಿದ ಕಡುಬು ಮುಂದಿಟ್ಟುಕೊಂಡು, ಯಾವ ಚಿತ್ರ ಹಾಕಬೇಕೆಂದು ಮನೆಮಂದಿಯೆಲ್ಲ ಕೂತೆವು. ಅತ್ತೆಯನ್ನೂ ಬಲವಂತವಾಗಿ ಕರೆದು ಕೂರಿಸಿದೆ, ದೂರದ ಮಂಚದ ಮೇಲೆ.

ವಿಂಡೋಸ್‌ನವರೇ ಇಟ್ಟಿರುವ ಗುರುತು ಒಂದಿದೆ, ಗುರಾಣಿ. ನೀಲಿ, ಹಳದಿ ಬಣ್ಣದ್ದು. ಯಜಮಾನನ ಅಪ್ಪಣೆ ಬೇಕಾದ ಐಕಾನಿನ ಬಲಗಡೆ ಕೆಳಮೂಲೆಯಲ್ಲಿ ಕೂತಿರುತ್ತದೆ. ನೀವೂ ನೋಡಿರಬಹುದು, ಗಮನಿಸಿರಲಾರಿರಿ, ಅಷ್ಟು ಪುಟ್ಟದು. ಅದನ್ನೇ ದೊಡ್ಡದು ಮಾಡಿ ತೋರಿಸಿದರೆ ಅತ್ತೆ, "ಸ್ಕೂಲು ಹುಡುಗರ ಬ್ಯಾಡ್ಜು" ಅಂದರು. ನಿಜ ತಾನೆ, ನಮ್ಮಲ್ಲಿ ಯಾರ ಮನೆಯಲ್ಲಿ ಗುರಾಣಿ ಇದೆ? ಇನ್ನೊಂದು ತೊಂದರೆಯನ್ನು ನಮ್ಮ ಹುಡುಗ ಹೇಳಿದ. ಗುರಾಣಿಯ ಚಿತ್ರವನ್ನು ಕಳ್ಳರೂ ಬರೆದುಕೊಳ್ಳುತ್ತಾರೆ. ವೈರಸ್ ಇದೆ ಎಂದು ಹೆದರಿಸುವ ಸುಳ್ಳು ಪುಟಗಳಲ್ಲೆಲ್ಲ ಗುರಾಣಿಯೋ ಗುರಾಣಿ. ನಮ್ಮ ಪರದೆಯಲ್ಲೂ ಆವತ್ತು ಒಂದು ಇತ್ತು, ಅದನ್ನು ನೋಡಿಯೇ ನಾನು ನಂಬಿದ್ದು.

ನನ್ನ ಮಗ ಕಿರೀಟ ಹಾಕೋಣ ಅಂದ. ಕಿರೀಟ ಇಟ್ಟರೆ ಮೊದಲು ಒತ್ತುವವನು ಅವನೇ, ನನಗೆ ಗೊತ್ತಿಲ್ಲವೆ? ಕಣ್ಣು ಸೆಳೆಯುವ ಚಿತ್ರ ಈ ಕೆಲಸಕ್ಕೆ ಆಗದು.

ಇವರು ಟ್ರಾನ್ಸ್‌ಫಾರ್ಮರ್ ಕಂಬದ ಮೇಲಿನ ಅಪಾಯದ ಬುರುಡೆ ಹಾಕಿ ಅಂದರು. ಲಿನಕ್ಸ್ ಅಂತ ಇನ್ನೊಂದು ವ್ಯವಸ್ಥೆ ಇದೆಯಂತೆ, ಅದರಲ್ಲಿ ಸೂಸೆ ಎಂಬುದರ ಹಳೆಯ ಆವೃತ್ತಿಗಳಲ್ಲಿ ಯಜಮಾನನಾಗಿ ಒಳಗೆ ಹೋದರೆ ಪರದೆ ಇಡೀ ಕೆಂಪಾಗಿ, ಬಾಂಬಿನ ಚಿತ್ರ ಕಾಣುತ್ತಿತ್ತಂತೆ. ಉಪಾಯವೇನೋ ಚೆನ್ನ. ಆದರೆ ಮೊದಲೇ ಹೆದರಿ ಕೂತವರಿಗೆ ಬುರುಡೆ ತೋರಿಸಿದರೆ ಆಯಿತೆ? ಬೆಳಿಗ್ಗೆ ಪೂಜೆ ಮುಗಿಸಿ ಬಂದು ಬುರುಡೆಯ ಮುಖ ನೋಡಲಾರೆ ಎಂದು ಅತ್ತೆ ಅಲ್ಲಿಂದಲೇ ಅಂದರು. ಆ ದಿನ ಅವರು ತಾವಾಗಿ ಆಡಿದ ಮೊದಲ ಮಾತು ಅದು.

ಬರೀ ಕೆಂಪು ಬಣ್ಣ, ಹಸಿರು ಬಣ್ಣ ಹಾಕಿದರೆ ಸಾಲದೆ ಎಂದು ಕೇಳಿದೆ. ಸಾಲದು. ಕೆಂಪು ಹಸಿರು ಬೇರೆ ಬೇರೆಯಾಗಿ ಕಾಣದವರು ಇದ್ದಾರೆ, ಗಂಡಸರಲ್ಲಿ ಹೆಚ್ಚು. ನಮ್ಮ ಭಾವನವರೇ ಹಾಗೆ, ಹಣ್ಣು ಮೆಣಸಿನಕಾಯಿ ಯಾವುದು ಕಾಯಿ ಯಾವುದು ಎಂದು ಆರಿಸಲಾರರು. ಬಣ್ಣ ಬೇರೆ ಇರಲಿ, ಆಕಾರವೂ ಬೇರೆ ಇರಲಿ, ಆಗ ಒಂದು ತಪ್ಪಿದರೆ ಇನ್ನೊಂದು ಕೈಹಿಡಿಯುತ್ತದೆ.

ಬೀಗದ ಕೈ ಹಾಕೋಣ ಅಂದೆ ನಾನು. ನನಗೆ ಬಹಳ ಒಪ್ಪಿಗೆಯಾಗಿತ್ತು ಅದು. ವಿಂಡೋಸ್‌ನ ಒಳಗೇ ಬೀಗದ ಕೈಯ ಚಿತ್ರ ಸಿದ್ಧವಾಗಿ ಇದೆ. ಪರದೆಯ ಮೇಲೆ ದೊಡ್ಡದಾಗಿ ಮೂಡಿಸಿ, "ನೋಡಿ ಅತ್ತೆ, ಇದು ಗೊತ್ತಾಗುತ್ತಲ್ಲ?" ಅಂದೆ. ಅವರು ಮಂಚದಿಂದ ಎದ್ದು ಹತ್ತಿರ ಬಂದು ನೋಡಿದರು.

"ಗೊತ್ತಾಗದೆ ಏನು? ಇಪ್ಪತ್ತೆಂಟು ವರ್ಷ ಸೊಂಟದಲ್ಲಿತ್ತು. ಇದನ್ನ ಕಂಡ್ರೆ ನನ್ನ ಕೈ ತಾನಾಗಿ ಅಲ್ಲಿಗೇ ಹೋಗುತ್ತೆ ಕಣೇ. ಬೀಗದ ಕೈ ಇರೋದು ತೆಗೆಯೋದಕ್ಕೆ, ತೆಗೀಬೇಡಿ ಅನ್ನೋದಕ್ಕಲ್ಲ."

ಎಲ್ಲರೂ ಸುಮ್ಮನಾದೆವು. ನಮ್ಮ ಮನೆಯ ಬೀಗದ ಕೈ ಗೊಂಚಲನ್ನು, ನಾನು ಬಂದ ಎಷ್ಟೋ ವರ್ಷದ ಮೇಲೆ, ಒಂದು ದೀಪಾವಳಿಯ ದಿನ ಅವರೇ ನನ್ನ ಕೈಗೆ ಕೊಟ್ಟಿದ್ದು. ಕೇಳದೆ ಕೊಟ್ಟರು. ಅಂಥವರನ್ನು ಯಾವುದೋ ಒಂದು ಗುಂಡಿ ಒತ್ತಿದ್ದಕ್ಕೆ ಮೂಲೆಗೆ ಕೂರಿಸಿದ್ದೆವು. ನನಗೆ ತಡೆಯಲಾಗಲಿಲ್ಲ. ಎಲ್ಲರೆದುರಿಗೇ ಹೇಳಿಬಿಟ್ಟೆ: "ಅತ್ತೆ, ಆವತ್ತು ಆ ನಂಬರಿಗೆ ಫೋನು ಮಾಡಿದವಳು ನಾನು. ನಾನೂ ಎಸ್ ಒತ್ತೋದ್ರಲ್ಲಿದ್ದೆ. ಕರೆಂಟು ಹೋಗದೆ ಇದ್ದಿದ್ರೆ ಬ್ಯಾಂಕಿನ ದುಡ್ಡೂ ಹೋಗ್ತಿತ್ತೋ ಏನೋ."

ಅತ್ತೆ ನನ್ನ ಮುಖ ನೋಡಿದರು. "ಮತ್ತೆ ಆವತ್ತೇ ಯಾಕೆ ಹೇಳ್ಲಿಲ್ಲ?" ಅಂದರು. ಉತ್ತರವಿರಲಿಲ್ಲ. ಇವರು ಕಡುಬಿನ ತಟ್ಟೆ ಕೆಳಗಿಟ್ಟು ಒಳಗೆ ಹೋದರು. ಅಮ್ಮನಿಗೆ ತಪ್ಪಾಯಿತು ಎನ್ನಲು ಅವರಿಗೆ ಬರುವುದಿಲ್ಲ, ಮನೆತನವೇ ಹಾಗೆ. ಮರುದಿನ ಅಂಗಡಿಯಿಂದ ಬರುವಾಗ ಕಂಪ್ಯೂಟರಿನ ಕುರ್ಚಿಗೆ ಒಂದು ಮೆತ್ತನೆಯ ದಿಂಬು ತಂದರು. ಯು.ಪಿ.ಎಸ್.ಗೆ ಹೊಸ ಬ್ಯಾಟರಿಯನ್ನೂ!

ಚಿತ್ರವನ್ನು ಕೊನೆಗೆ ಸೂಚಿಸಿದವರು ಅತ್ತೆಯೇ. "ನಮ್ಮ ಬೀರು ಹಾಕಿ. ಬೀರು ಅಂದ್ರೆ ಈ ಮನೇಲಿ ಮಗುವಿಗೂ ಗೊತ್ತು, ಕೇಳದೆ ಮುಟ್ಟಬಾರದು ಅಂತ." ನಡುಕೋಣೆಯಲ್ಲಿರುವ ನಮ್ಮ ಹಳೆಯ ಕಬ್ಬಿಣದ ಬೀರುವಿನ ಫೋಟೋವನ್ನು ನನ್ನ ಮಗ ತೆಗೆದ. ಅದನ್ನು ಯಜಮಾನನ ಖಾತೆಗೆ ಹಾಕಿ, ಖಾತೆಗೆ ಬೀರು ಎಂದೇ ಹೆಸರಿಟ್ಟೆವು. ದಿನಬಳಕೆ ಖಾತೆಗೆ ಪಡಸಾಲೆ ಎಂದು ಹೆಸರು, ರಂಗೋಲಿ ಹಾಕಿದ ನಮ್ಮ ಬಾಗಿಲಿನ ಚಿತ್ರ. ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆದೆವು, ಕೆಲವು ಹಳೆಯ ತಂತ್ರಾಂಶಗಳಿಗೆ ಕನ್ನಡ ಅಕ್ಷರದ ಹೆಸರು ಹಿಡಿಸುವುದಿಲ್ಲ. ಬೀರು ಖಾತೆಯ ಹಿನ್ನೆಲೆಗೆ ಗಾಢ ಕುಂಕುಮದ ಬಣ್ಣ, ಪಡಸಾಲೆಗೆ ತೋಟದ ಚಿತ್ರ. ಅಲ್ಲಿಗೆ ಹೋದವರಿಗೆ ಎಲ್ಲಿದ್ದೇವೆಂದು ಮರೆಯುವ ಹಾಗೇ ಇಲ್ಲ.

ಈಗ ಪತ್ರ ಬರೆದ ಸೋದರಿಗೆ ಮಾಡುವ ಕ್ರಮ ಹೇಳುತ್ತೇನೆ. ವಿಂಡೋಸ್ 11 ಆದರೆ ಸೆಟ್ಟಿಂಗ್ಸ್‌ಗೆ ಹೋಗಿ, ಅಕೌಂಟ್ಸ್ ಒತ್ತಿ, ಅದರಲ್ಲಿ ಅದರ್ ಯೂಸರ್ಸ್ ಎಂಬಲ್ಲಿ ಹೊಸ ಖಾತೆ ತೆರೆಯಿರಿ. ವಿಂಡೋಸ್ 10ರಲ್ಲಿ ಅದೇ ಜಾಗಕ್ಕೆ ಫ್ಯಾಮಿಲಿ ಅಂಡ್ ಅದರ್ ಯೂಸರ್ಸ್ ಎಂದಿರುತ್ತದೆ. (ಅಂದ ಹಾಗೆ, ವಿಂಡೋಸ್ 10ಕ್ಕೆ ಕಂಪನಿಯವರ ಮಾಮೂಲಿ ಆಸರೆ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹೊಸದಕ್ಕೆ ಬದಲಾಯಿಸಲು ಆಗುತ್ತದೆಯೇ ಎಂದು ತಿಳಿದವರನ್ನು ಕೇಳಿ.) ತೆರೆದ ಮೇಲೆ ಚೇಂಜ್ ಅಕೌಂಟ್ ಟೈಪ್ ಒತ್ತಿ ಅದನ್ನು ಅಡ್ಮಿನಿಸ್ಟ್ರೇಟರ್ ಮಾಡಿ, ಒಳ್ಳೆಯ ಪಾಸ್‌ವರ್ಡು ಕೊಡಿ. ಆಮೇಲೆ ಅದರ ಮೂಲಕ ಒಮ್ಮೆ ಒಳಗೆ ಹೋಗಿ ಬನ್ನಿ. ಸರಿಯಾಗಿ ತೆರೆಯಿತು ಎಂದು ಖಾತ್ರಿಯಾದ ಮೇಲೆಯೇ ನಿಮ್ಮ ಹಳೆಯ ಖಾತೆಯನ್ನು ಸ್ಟ್ಯಾಂಡರ್ಡ್‌ಗೆ ಇಳಿಸಿ. ಈ ಕ್ರಮ ತಪ್ಪಬಾರದು. ಮೊದಲೇ ಇಳಿಸಿಕೊಂಡು, ಹೊಸದರ ಪಾಸ್‌ವರ್ಡು ಮರೆತರೆ ಬೀಗ ಹಾಕಿದ ಮನೆಯ ಹೊರಗೆ ನಿಂತ ಹಾಗಾಗುತ್ತದೆ. ಹಳೆಯ ಖಾತೆಯನ್ನು ಇಳಿಸುವುದರಿಂದ ಅದರಲ್ಲಿರುವ ಫೋಟೋ, ಲೆಕ್ಕ ಎಲ್ಲೂ ಹೋಗುವುದಿಲ್ಲ, ಇದ್ದಲ್ಲೇ ಇರುತ್ತವೆ.

ಖಾತೆಯ ಚಿತ್ರ ಬದಲಾಯಿಸಲು ಆ ಖಾತೆಯ ಮೂಲಕವೇ ಒಳಗೆ ಹೋಗಿ, ಅಕೌಂಟ್ಸ್‌ನಲ್ಲಿ ಯುವರ್ ಇನ್‌ಫೋ ಎಂಬಲ್ಲಿ ಫೋಟೋ ಆರಿಸಬೇಕು.

ಪರದೆಯ ಮೇಲಿನ ಐಕಾನುಗಳ ಮಾತಿಗೆ ಬಂದರೆ, ಪಡಸಾಲೆಯಲ್ಲಿ ಯಜಮಾನನ ಕೆಲಸದ ಐಕಾನುಗಳನ್ನು ಇಡದಿರುವುದೇ ಎಲ್ಲಕ್ಕಿಂತ ಲೇಸು. ನಾವು ಹಾಡು, ಫೋಟೋ, ನಾದಿನಿಯ ಕರೆ, ಅಂಗಡಿ ಲೆಕ್ಕ ಇಷ್ಟನ್ನು ದೊಡ್ಡದಾಗಿ ಎಡಗಡೆ ಇಟ್ಟೆವು. ಇಡಲೇಬೇಕಾದ ಎರಡನ್ನು ಬಲಗಡೆ ಕೊನೆಯಲ್ಲಿ ದೂರ ಇಟ್ಟು, ಅವಕ್ಕೂ ಬೀರುವಿನ ಚಿತ್ರ ಹಾಕಿದೆವು. ಬಾಣದ ಗುರುತಿರುವ ಐಕಾನಿನ ಮೇಲೆ ಮೌಸಿನ ಬಲಗುಂಡಿ ಒತ್ತಿ, ಪ್ರಾಪರ್ಟೀಸ್‌ನಲ್ಲಿ ಚೇಂಜ್ ಐಕಾನ್ ಎಂದಿರುತ್ತದೆ. ಅಲ್ಲಿ ಸಿದ್ಧ ಚಿತ್ರಗಳು ಬೇಕಾದಷ್ಟು ಸಿಗುತ್ತವೆ. ನಿಮ್ಮದೇ ಫೋಟೋ ಬೇಕಾದರೆ ಅದನ್ನು ಐಕೊ ಎಂಬ ಬೇರೆ ರೂಪಕ್ಕೆ ತರಬೇಕು. ನಮಗೆ ಅಕ್ಕನ ಮಗ ಮಾಡಿಕೊಟ್ಟ, ನಿಮಗೂ ಯಾರಾದರೂ ಹುಡುಗರು ಸಿಗುತ್ತಾರೆ. ಸಿಗದಿದ್ದರೆ ಸಿದ್ಧ ಚಿತ್ರಗಳಲ್ಲಿರುವ ಮುಚ್ಚಿದ ಬೀಗ ಸಾಕು. ಬೀಗದ ಕೈ ಬೇಡ, ಕಾರಣ ಅತ್ತೆಯೇ ಹೇಳಿದ್ದಾರಲ್ಲ.

ಚಿತ್ರ ಹಾಕಿದ ಮಾತ್ರಕ್ಕೆ ಕಾವಲು ಬಿತ್ತು ಎಂದುಕೊಳ್ಳಬೇಡಿ. ಚಿತ್ರ ನೆನಪು ಮಾಡಿಕೊಡುತ್ತದೆ ಅಷ್ಟೆ, ತಡೆಯುವುದು ಪಾಸ್‌ವರ್ಡು. ನಮ್ಮದನ್ನು ಚೀಟಿಯಲ್ಲಿ ಬರೆದು ನಿಜವಾದ ಬೀರುವಿನಲ್ಲಿ, ಬಳೆಯ ಪೆಟ್ಟಿಗೆಯ ಅಡಿಯಲ್ಲಿ ಇಟ್ಟಿದ್ದೇವೆ. ಕಂಪ್ಯೂಟರಿಗೆ ಅಂಟಿಸಿಟ್ಟರೆ ಮಾಡಿದ್ದೆಲ್ಲ ದಂಡ. ಪರದೆ ಮಂಕಾದಾಗ ಬರುವ ಚೌಕದಲ್ಲಿ ಆ ತಂತ್ರಾಂಶ ಯಾರದೆಂದು ಬರೆದಿರುತ್ತದೆ. ಹೆಸರಿನ ಜಾಗದಲ್ಲಿ ಅನ್‌ನೋನ್ ಎಂದಿದ್ದರೆ, ಮೇಲಿನ ಪಟ್ಟಿ ಹಳದಿಯಾಗಿದ್ದರೆ, ನೋ ಒತ್ತಿ ಎದ್ದುಬಿಡಿ. ಕಂಪ್ಯೂಟರಿನೊಳಗಿಂದ ಯಾರೂ ಫೋನ್ ನಂಬರು ಕೊಟ್ಟು ಕರೆಯುವುದಿಲ್ಲ, ಕರೆದರೆ ಕಳ್ಳರೇ. ಅಕಸ್ಮಾತ್ ದುಡ್ಡು ಹೋದರೆ ನಾಚಿಕೆ ಬಿಟ್ಟು ತಕ್ಷಣ 1930ಕ್ಕೆ ಫೋನು ಮಾಡಿ, ಅದು ಸರಕಾರದ ಸೈಬರ್ ವಂಚನೆಯ ಸಹಾಯವಾಣಿ. ಎಷ್ಟು ಬೇಗ ಮಾಡಿದರೆ ಅಷ್ಟು ಒಳ್ಳೆಯದು.

ಮೊದಲ ವಾರ ಸ್ವಲ್ಪ ಕಿರಿಕಿರಿಯಾಯಿತು, ಸುಳ್ಳು ಯಾಕೆ ಹೇಳಲಿ. ಮಗ ಯಾವುದೋ ಆಟ ಹಾಕಲು ಹೋಗಿ ಪಾಸ್‌ವರ್ಡು ಕೇಳಿದ, ನಾನು ಕೊಡಲಿಲ್ಲ, ಎರಡು ದಿನ ಮುನಿಸು. ಇವರ ಲೆಕ್ಕದ ತಂತ್ರಾಂಶ ಹಳೆಯದು, ಅದನ್ನು ಹೊಸದು ಮಾಡುವಾಗಲೆಲ್ಲ ಬೀರುವಿಗೆ ಹೋಗಲೇಬೇಕು. ತಿಂಗಳಿಗೊಮ್ಮೆ ಆಗುವ ಕೆಲಸ, ಹೋಗಲಿ.

ಅತ್ತೆ ದಿಂಬಿನ ಮೇಲೆ ಕೂತು ಮತ್ತೆ ಹಾಡು ಕೇಳುತ್ತಿದ್ದಾರೆ. ಮೊನ್ನೆ ಭಾನುವಾರ ನಾದಿನಿಯ ಹತ್ತಿರ ಮಾತಾಡುತ್ತಾ, ಅವಳು ಹೊಲಿಸಿದ ರವಿಕೆಯ ಕೈಯಂಚು ಸರಿಯಿಲ್ಲ ಎಂದು ಪುಣೆಯವರೆಗೆ ತಪ್ಪು ಹುಡುಕಿದರು. ಪಾಸ್‌ವರ್ಡು ಕೇಳುವ ಚೌಕದಲ್ಲಿ ಯಜಮಾನನ ಖಾತೆಯ ಹೆಸರು ಕಾಣುತ್ತದಲ್ಲ, ನಮ್ಮಲ್ಲಿ ಬೀರು ಎಂದು ಬರುತ್ತದೆ. ಅಷ್ಟು ಇಂಗ್ಲಿಷ್ ಅಕ್ಷರ ಅತ್ತೆ ಓದುತ್ತಾರೆ. ನಿನ್ನೆ ನಾನು ಒಗ್ಗರಣೆಗೆ ಎಣ್ಣೆ ಇಟ್ಟಿದ್ದಾಗ ನಡುಮನೆಯಿಂದ ಕೂಗಿದರು:

"ಬೀರು ತೆಗಿ ಅಂತಿದೆ ಕಣೇ, ಬಂದು ನೋಡು. ನಾನೇನೂ ಮುಟ್ಟಿಲ್ಲ."

ಒಲೆ ಆರಿಸಿ ಹೋಗಿ ನೋಡಿದೆ. ಪ್ರಿಂಟರಿನದು, ಕಂಪನಿಯ ಹೆಸರು ಸರಿಯಾಗಿಯೇ ಇತ್ತು. ಇದ್ದರೂ ಅತ್ತೆ, "ಈಗ ಬೇಡ ಅನ್ನು, ರಾತ್ರಿ ಅವನು ಬರಲಿ, ನೋಡಿ ತೆಗೀಲಿ" ಅಂದರು. ನೋ ಒತ್ತಿಸಿ ಬಂದೆ. ಸಾಸಿವೆ ಹಾಕುವುದು ಬಾಕಿಯಿತ್ತು.